ಒಂದೇ ಸೊಪ್ಪು, ಒಂದೇ ಹುಳುಮನೆ. ಆದರೂ ಹಣ್ಣಾಗುವ ದಿನ ಬೇರೆ! ರೇಷ್ಮೆಹುಳು ಬೆಳೆಯುವ ಲೆಕ್ಕ ನಿರ್ಧರಿಸುವುದು ಯಾರು?

ಹುಳು ಯಾವ ದಿನ ಹಣ್ಣಾಗುತ್ತದೆ? ರಾಮನಗರ, ಕೋಲಾರ, ಚಿಕ್ಕಬಳ್ಳಾಪುರ ಭಾಗದ ರೇಷ್ಮೆ ಬೆಳೆಗಾರರಿಗೆ ಇಡೀ ಬೆಳೆಯ ಲೆಕ್ಕಾಚಾರ ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ. ಎರಡು ದಿನ ತಡವಾದರೆ ಎರಡು ದಿನದ ಸೊಪ್ಪು, ಎರಡು ದಿನದ ಕೂಲಿ ಹೆಚ್ಚು. ರೇಷ್ಮೆಹುಳು ತನ್ನ ಜೀವನದಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ. 80ಕ್ಕೂ ಹೆಚ್ಚು ಭಾಗವನ್ನು ಐದನೇ ಹಂತದಲ್ಲೇ ತಿಂದು ಮುಗಿಸುವುದರಿಂದ, ಕೊನೆಯ ದಿನಗಳ ವಿಳಂಬವೇ ಅತಿ ದುಬಾರಿ.

ವಿಚಿತ್ರವೆಂದರೆ, ಒಂದೇ ತೋಟದ ಹಿಪ್ಪುನೇರಳೆ ಸೊಪ್ಪು ಹಾಕಿ, ಒಂದೇ ಮನೆಯಲ್ಲಿ ಸಾಕಿದರೂ ಎರಡು ತಳಿಗಳು ಒಂದೇ ದಿನ ಹಣ್ಣಾಗುವುದಿಲ್ಲ. ಒಂದೇ ತಳಿಯನ್ನು ಬೇಸಿಗೆಯಲ್ಲಿ ಮತ್ತು ಚಳಿಗಾಲದಲ್ಲಿ ಸಾಕಿದರೂ ದಿನಗಳು ಬದಲಾಗುತ್ತವೆ. ಹಾಗಾದರೆ ಕೀಟವೊಂದರ ಬೆಳವಣಿಗೆಯ ಅವಧಿಯನ್ನು ನಿರ್ಧರಿಸುವುದು ಹುಟ್ಟುಗುಣವೋ, ಹವಾಮಾನವೋ? ಇಲ್ಲಿದೆ ಮಾಹಿತಿ.

ನಾಲ್ಕು ಜ್ವರ, ಐದು ಹಂತ

ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾವು ಕೊಟ್ಟರೆ ಮೊಟ್ಟೆ ಒಡೆಯಲು 10 ದಿನ ಬೇಕು. ನಂತರ ಹುಳು ನಾಲ್ಕು ಬಾರಿ ಪೊರೆ ಕಳಚುತ್ತದೆ. ಮೇವು ಬಿಟ್ಟು ತಲೆ ಎತ್ತಿ ಕೂರುವ ಈ ಹೊತ್ತನ್ನೇ ನಮ್ಮ ರೈತರು 'ಜ್ವರ' ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಹುಳು ವಾರದ ಆಸುಪಾಸಿನಲ್ಲಿ ಹಣ್ಣಾಗಿ ಚಂದ್ರಂಕಿ ಏರುತ್ತದೆ.

ಸಾಮಾನ್ಯವಾಗಿ ದ್ವಿತಳಿ ಹುಳುಗಳು 22ರಿಂದ 24 ದಿನದಲ್ಲಿ ಹಣ್ಣಾಗುತ್ತವೆ. ನಮ್ಮದೇ ಆದ ಶುದ್ಧ ಮೈಸೂರು ತಳಿಗೆ 26ರಿಂದ 28 ದಿನ ಬೇಕು. ಮೈಸೂರು ತಳಿಯ ಗೂಡು ಚಿಕ್ಕದು, ಎಳೆಯೂ ಗಿಡ್ಡ. ಆದರೆ ಬಿಸಿಲು, ರೋಗ ತಡೆಯುವುದರಲ್ಲಿ ಅದೇ ಗಟ್ಟಿ.

ಒಳಗಿನ ಗಡಿಯಾರ

ಹುಳು ಯಾವಾಗ ಪೊರೆ ಬಿಡಬೇಕು, ಯಾವಾಗ ಗೂಡು ಕಟ್ಟಬೇಕು ಎಂದು ಹೇಳುವುದು ಹಾರ್ಮೋನುಗಳು. ಎಕ್ಡೈಸೋನ್ ಎಂಬ ಹಾರ್ಮೋನು ಪೊರೆ ಬಿಡಿಸುತ್ತದೆ. ಜುವೆನೈಲ್ ಹಾರ್ಮೋನು 'ಇನ್ನೂ ಹುಳುವಾಗಿಯೇ ಇರು' ಎಂದು ತಡೆಯುತ್ತದೆ. ಅದು ಇಳಿದ ಮೇಲಷ್ಟೇ ಗೂಡು ಕಟ್ಟುವ ಸರದಿ. 1954ರಲ್ಲಿ ಜರ್ಮನಿಯ ಬುಟೆನಾಂಟ್ ಮತ್ತು ಕಾರ್ಲ್‌ಸನ್ ಎಕ್ಡೈಸೋನನ್ನು ಮೊದಲ ಬಾರಿಗೆ ಬೇರ್ಪಡಿಸಿದ್ದು ರೇಷ್ಮೆಯ ಕೋಶಗಳಿಂದಲೇ. ಸುಮಾರು 500 ಕೆ.ಜಿ. ಕೋಶದಿಂದ ಅವರಿಗೆ ಸಿಕ್ಕಿದ್ದು ಕೇವಲ 25 ಮಿಲಿಗ್ರಾಂ!

ಈ ಹಾರ್ಮೋನುಗಳ ವೇಳಾಪಟ್ಟಿ ತಳಿಯಿಂದ ತಳಿಗೆ ಬದಲಾಗುವುದರ ಹಿಂದೆ ವಂಶವಾಹಿಗಳಿವೆ. ಜ್ವರ ಮೂರೋ, ನಾಲ್ಕೋ, ಐದೋ ಎಂಬುದನ್ನು ನಿರ್ಧರಿಸುವ ಒಂದು ವಂಶವಾಹಿ ಇದೆ. ಮೂರೇ ಜ್ವರದ ಹುಳು ಬೇಗ ಹಣ್ಣಾಗುತ್ತದೆ, ಆದರೆ ಗೂಡು ಚಿಕ್ಕದು. ಹುಳು ಬೇಗ ಅಥವಾ ತಡವಾಗಿ ಪಕ್ವವಾಗುವುದಕ್ಕೆ ಸಂಬಂಧಿಸಿದ ಮತ್ತೊಂದು ವಂಶವಾಹಿ 'ಝಡ್' ಎಂಬ ಲಿಂಗ ವರ್ಣತಂತುವಿನಲ್ಲಿದೆ. ಹೆಣ್ಣು ಹುಳುವಿಗೆ ಈ ವರ್ಣತಂತು ಒಂದೇ ಇದ್ದು, ಅದು ಬರುವುದು ತಂದೆಯಿಂದ. ಹೀಗಾಗಿ ಮಿಶ್ರತಳಿ ಮಾಡುವಾಗ ತಾಯಿ ಯಾವ ತಳಿ, ತಂದೆ ಯಾವ ತಳಿ ಎಂಬುದೂ ಮುಖ್ಯವಾಗುತ್ತದೆ.

ತಾಯಿ ಕಂಡ ಹವೆ, ಮೊಟ್ಟೆಯ ಹಣೆಬರಹ

ಹವಾಮಾನದ ಪ್ರಭಾವ ಒಂದು ತಲೆಮಾರನ್ನೂ ದಾಟಬಲ್ಲದು. ದ್ವಿತಳಿಯ ಮೊಟ್ಟೆಯನ್ನು 25 ಡಿಗ್ರಿಯಲ್ಲಿ, ಬೆಳಕಿನಲ್ಲಿ ಕಾವಿಗಿಟ್ಟರೆ, ಅದರಿಂದ ಹುಟ್ಟಿ ಬೆಳೆದ ಹೆಣ್ಣು ಚಿಟ್ಟೆ ಇಡುವ ಮೊಟ್ಟೆಗಳು ತಿಂಗಳುಗಟ್ಟಲೆ ನಿದ್ದೆಗೆ ಜಾರುತ್ತವೆ. ಅದೇ ಮೊಟ್ಟೆಯನ್ನು 15 ಡಿಗ್ರಿಯಲ್ಲಿ, ಕತ್ತಲಲ್ಲಿ ಇಟ್ಟಿದ್ದರೆ ಮುಂದಿನ ಪೀಳಿಗೆಯ ಮೊಟ್ಟೆಗಳು ನಿದ್ದೆಯಿಲ್ಲದೆ ನೇರವಾಗಿ ಒಡೆಯುತ್ತವೆ.

ಆದರೆ ಶುದ್ಧ ಮೈಸೂರು ತಳಿ ವರ್ಷವಿಡೀ ನಿದ್ದೆಯಿಲ್ಲದ ಮೊಟ್ಟೆ ಇಡುತ್ತದೆ. ಮೊಟ್ಟೆ ಮಲಗಬೇಕೋ ಬೇಡವೋ ಎಂಬುದು ತಾಯಿಯಿಂದ ನಿರ್ಧಾರವಾಗುವುದರಿಂದಲೇ ನಮ್ಮಲ್ಲಿ ಮೈಸೂರು ತಳಿಯ ಹೆಣ್ಣಿಗೆ ಸಿಎಸ್‌ಆರ್-2 ದ್ವಿತಳಿಯ ಗಂಡನ್ನು ಕೂಡಿಸಿ ಮಿಶ್ರತಳಿ ಮೊಟ್ಟೆ ತಯಾರಿಸುವುದು ಅನುಕೂಲ. ದ್ವಿತಳಿ ಮೊಟ್ಟೆಗೆ ಬೇಕಾಗುವ ಆಮ್ಲ ಉಪಚಾರ ಇದಕ್ಕೆ ಬೇಕಿಲ್ಲ.

1990ರ ದಶಕದಲ್ಲಿ ವಿಜ್ಞಾನಿ ಜೆ. ನಾಗರಾಜು ಮತ್ತು ಸಹೋದ್ಯೋಗಿಗಳು 13 ರೇಷ್ಮೆ ತಳಿಗಳ ಡಿಎನ್‌ಎ ಹೋಲಿಸಿ ನೋಡಿದಾಗ, ನಿದ್ದೆ ಹೋಗುವ ತಳಿಗಳು ಒಂದು ಗುಂಪಾಗಿ, ಹೋಗದವು ಇನ್ನೊಂದು ಗುಂಪಾಗಿ ಬೇರ್ಪಟ್ಟವು. ನಾಗರಾಜು ಮುಂದೆ ಹೈದರಾಬಾದ್‌ನ ಸಿಡಿಎಫ್‌ಡಿ ಸಂಸ್ಥೆಯಲ್ಲಿ ರೇಷ್ಮೆಹುಳುವಿನ ತಳಿವಿಜ್ಞಾನವನ್ನು ಮುಂದುವರಿಸಿದರು.

ಬೇಗ ಬೆಳೆದರೆ ಲಾಭವೇ?

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅಮಿತಾಭ್ ಜೋಶಿ ಅವರ ತಂಡ ಹಣ್ಣಿನ ನೊಣಗಳ ಮೇಲೆ ಇದನ್ನೇ ಪರೀಕ್ಷಿಸಿತು. ಪ್ರತಿ ಪೀಳಿಗೆಯಲ್ಲೂ ಮೊದಲು ಹೊರಬಂದ ನೊಣಗಳನ್ನಷ್ಟೇ ಮುಂದಿನ ಸಂತಾನಕ್ಕೆ ಆರಿಸಲಾಯಿತು. ಪೀಳಿಗೆಗಳು ಕಳೆದಂತೆ ಬೆಳವಣಿಗೆಯ ಅವಧಿ ಕುಗ್ಗಿತು. ಅಂದರೆ ಈ ಗುಣ ವಂಶಪಾರಂಪರ್ಯವಾಗಿ ಸಾಗುತ್ತದೆ ಎಂಬುದು ಖಚಿತವಾಯಿತು. ಆದರೆ ನೊಣಗಳ ಗಾತ್ರ ಚಿಕ್ಕದಾಯಿತು, ಹುಳುವಿನ ಹಂತ ದಾಟಿ ಬದುಕುವವುಗಳ ಪ್ರಮಾಣವೂ ಇಳಿಯಿತು. ಆತುರಕ್ಕೆ ಬೆಲೆ ತೆರಲೇಬೇಕಾಯಿತು.

ಹುಳುಮನೆಯಲ್ಲೂ ಅಷ್ಟೇ. ಬಿಸಿ ಏರಿದಂತೆ ಹುಳು ಬೇಗ ಹಣ್ಣಾಗುತ್ತದೆ, ಆದರೆ ಸಾಕಷ್ಟು ತಿನ್ನದೆ ಹಣ್ಣಾದ ಹುಳು ಕಟ್ಟುವ ಗೂಡು ಹಗುರ.

ಎಲ್ಲ ಕಡೆ ಗೆಲ್ಲುವ ತಳಿ ಇಲ್ಲ

ಹುಟ್ಟುಗುಣ ಮತ್ತು ಹವಾಮಾನವನ್ನು ಬೇರೆ ಬೇರೆಯಾಗಿ ಅಳೆದು ಕೂಡಿಸಿದರೆ ಉತ್ತರ ಸಿಗದು. ಏಕೆಂದರೆ ಹವೆ ಬದಲಾದಾಗ ಪ್ರತಿ ತಳಿಯೂ ಸ್ಪಂದಿಸುವ ರೀತಿ ಬೇರೆ. 25 ಡಿಗ್ರಿಯಲ್ಲಿ ಮೊದಲ ಸ್ಥಾನದಲ್ಲಿರುವ ದ್ವಿತಳಿ, 35 ಡಿಗ್ರಿ ದಾಟಿದಾಗ ನಾಟಿ ತಳಿಗಿಂತ ಹಿಂದೆ ಬೀಳಬಹುದು. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ ಹೆಚ್ಚು ಇಳುವರಿಯ ಸಿಎಸ್‌ಆರ್-2, ಸಿಎಸ್‌ಆರ್-4 ಜೊತೆಗೆ ಬಿಸಿ ಮತ್ತು ತೇವ ತಾಳಬಲ್ಲ ಸಿಎಸ್‌ಆರ್-18, ಸಿಎಸ್‌ಆರ್-19 ತಳಿಗಳನ್ನು ಪ್ರತ್ಯೇಕವಾಗಿ ರೂಪಿಸಿದ್ದು ಇದೇ ಕಾರಣಕ್ಕೆ.

ನಗರದವರಿಗೂ ಇದೇ ಲೆಕ್ಕ

ಇದು ರೇಷ್ಮೆಗೆ ಮಾತ್ರ ಸೀಮಿತವಲ್ಲ. ಹೈದರಾಬಾದ್‌ನ ನಾರಾಯಣಗೂಡದಂತಹ ಒತ್ತೊತ್ತಾದ ಬಡಾವಣೆಯ ನೀರಿನ ಡ್ರಮ್‌ನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಬೆಚ್ಚನೆಯ ದಿನಗಳಲ್ಲಿ ಸುಮಾರು 7ರಿಂದ 10 ದಿನದಲ್ಲಿ ಮೊಟ್ಟೆಯಿಂದ ಹಾರುವ ಹಂತ ತಲುಪುತ್ತದೆ. ಚಳಿಯಲ್ಲಿ ಹೆಚ್ಚು ದಿನ ಹಿಡಿಯುತ್ತದೆ. ವಾರಕ್ಕೊಮ್ಮೆ ನೀರು ಚೆಲ್ಲಿ, ಪಾತ್ರೆ ಉಜ್ಜಿ ಒಣಗಿಸಿ ಎಂದು ಆರೋಗ್ಯ ಸಿಬ್ಬಂದಿ ಹೇಳುವುದು ಈ ಲೆಕ್ಕದ ಮೇಲೆಯೇ.

ಬೆಳೆಗಾರರು ಗಮನಿಸಬೇಕಾದ್ದೇನು?

ಪಕ್ಕದ ಊರಿನಲ್ಲಿ ಚೆನ್ನಾಗಿ ಬಂದ ತಳಿ ನಮ್ಮ ಹುಳುಮನೆಯಲ್ಲೂ ಹಾಗೆಯೇ ಬರುತ್ತದೆ ಎಂದು ನಂಬಬೇಡಿ. ಮೊಟ್ಟೆ ಅಥವಾ ಚಾಕಿ ಹುಳು ತರುವ ಮೊದಲು ಆ ಋತುವಿಗೆ ಯಾವ ತಳಿ ಸೂಕ್ತ ಎಂದು ರೇಷ್ಮೆ ಇಲಾಖೆಯ ಸಿಬ್ಬಂದಿಯನ್ನು ಕೇಳಿ. ಚಾಕಿಗೆ 26ರಿಂದ 28 ಡಿಗ್ರಿ, ದೊಡ್ಡ ಹುಳುವಿಗೆ 24ರಿಂದ 25 ಡಿಗ್ರಿ ಇರುವಂತೆ ನೋಡಿಕೊಳ್ಳಿ. ಗೋಡೆಯ ಮೇಲೊಂದು ಥರ್ಮಾಮೀಟರ್ ಇರಲಿ. ಎರಡು ತಳಿಯ ಹುಳುಗಳನ್ನು ಒಂದೇ ತಟ್ಟೆಯಲ್ಲಿ ಬೆರೆಸಬೇಡಿ. ಒಂದು ಹಣ್ಣಾಗುವ ಹೊತ್ತಿಗೆ ಇನ್ನೊಂದು ಸೊಪ್ಪು ಕೇಳುತ್ತಿರುತ್ತದೆ.

ಬೇಸಿಗೆಗಳು ಬಿಸಿಯಾಗುತ್ತಿರುವ ಈ ದಿನಗಳಲ್ಲಿ, ನಿಧಾನದ ತಳಿ ಎಂದು ಮೂಲೆಗೆ ಸರಿಸಲಾದ ಮೈಸೂರು ತಳಿಯ ತಾಳಿಕೆಯ ಗುಣವೇ ನಾಳೆಯ ಹೊಸ ತಳಿಗಳಿಗೆ ಬಿತ್ತನೆಯಾಗಬೇಕಾಗುತ್ತದೆ. ಅದನ್ನು ಉಳಿಸಿಕೊಳ್ಳುವುದು ಮುಂದಿನ ಬೆಳೆಯನ್ನು ಉಳಿಸಿಕೊಂಡಂತೆ.