ಮಡಚುವ ಚಾಕಿನ ಬೆನ್ನು ಹತ್ತಿ

ಬಾಡಗಂಡಿಯ ಆ ಮನೆಯಲ್ಲಿ ಅಜ್ಜ ಚಾಕು ತೋರಿಸುವ ಮೊದಲು ಬಾಗಿಲು ಮುಂದೆ ಮಾಡಿದರು. ಆಮೇಲೆ ಟ್ರಂಕಿನ ತಳದಿಂದ ಹಳೆಯ ಧೋತರದ ತುಂಡೊಂದನ್ನು ತೆಗೆದು ಬಿಚ್ಚಿದರು. ಹಿತ್ತಾಳೆ ಪಟ್ಟಿಯ ಹಿಡಿ, ಅದರೊಳಗೆ ಮಡಚಿ ಕೂತ ಉದ್ದನೆಯ ಅಲಗು. ಅವರ ಅಪ್ಪ ಮಿರಜದ ಸಂತೆಯಿಂದ ತಂದದ್ದಂತೆ. “ಫೋಟೋ ಬೇಕಾರ ತಗೋರಿ, ಹೆಸರು ಮಾತ್ರ ಹಾಕಬ್ಯಾಡ್ರೆಪಾ” ಎಂದರು.

ಹಳೆಯ ಮಡಚುವ ಚಾಕುಗಳನ್ನು ಒಟ್ಟುಮಾಡಿ, ಅವು ಎಲ್ಲಿಂದ ಬಂದವು ಎಂದು ಬರೆಯೋಣ ಅಂತ ನಾವು ಹೊರಟಿದ್ದೆವು. ಊರೂರು ತಿರುಗಿದರೂ ಸಿಕ್ಕಿದ್ದು ಕಡಿಮೆ. ಎಲೆ ಸಂಚಿಯ ಜೊತೆಗಿದ್ದ ಅಡಕೊತ್ತುಗಳು ಸಿಕ್ಕವು, ಹಿಡಿಯೊಳಗೆ ಮಡಚುವ ಒಂದು ಕ್ಷೌರದ ಕತ್ತಿ ಸಿಕ್ಕಿತು. ದೊಡ್ಡ ಚಾಕು ಎಂದರೆ ಅಜ್ಜನದೊಂದೇ. ಅದೂ ನಮ್ಮ ಕಡೆಯದಲ್ಲ. ಅಲಗಿನ ಬುಡದ ಮುದ್ರೆ ಅಳಿಸಿದ್ದರೂ ಅದರ ಮೈಕಟ್ಟು ಹೇಳುತ್ತಿತ್ತು, ಅದು ರಾಮಪುರಿ.

ರಾಮಪುರ ಇರುವುದು ಉತ್ತರ ಪ್ರದೇಶದಲ್ಲಿ. 1774ರಲ್ಲಿ ರೋಹಿಲ್ಲಾ ನವಾಬ ಫೈಜುಲ್ಲಾ ಖಾನ್ ಕಟ್ಟಿದ ಸಂಸ್ಥಾನ. ಅಲ್ಲಿನ ಕುಶಲಿಗಳ ಚಾಕುವನ್ನು ದೇಶಕ್ಕೆಲ್ಲ ಪರಿಚಯಿಸಿದ್ದು ಹಿಂದಿ ಸಿನಿಮಾ. 1965ರ ‘ವಕ್ತ್’ನಲ್ಲಿ ರಾಜ್‌ಕುಮಾರ್ ಚಾಕು ಹಿಡಿದ ದೃಶ್ಯವನ್ನು ನಮ್ಮ ಅಪ್ಪಂದಿರು ಇನ್ನೂ ನೆನೆಯುತ್ತಾರೆ. 1990ರ ದಶಕದಲ್ಲಿ ನಾಲ್ಕೂವರೆ ಇಂಚಿಗಿಂತ ಉದ್ದದ ಅಲಗಿನ ಚಾಕು ತಯಾರಿಕೆಯನ್ನು ಅಲ್ಲಿನ ಸರ್ಕಾರ ನಿಷೇಧಿಸಿದ ಮೇಲೆ ಆ ಕಸುಬು ಸೊರಗಿತು. 2023ರಲ್ಲಿ ಅದೇ ಊರಿನ ವೃತ್ತದಲ್ಲಿ ದೈತ್ಯ ಚಾಕುವೊಂದನ್ನು ಸ್ಮಾರಕವಾಗಿ ನಿಲ್ಲಿಸಿದರು!

ಹಾಗಾದರೆ ನಮ್ಮ ಕಡೆಯ ಆಯುಧಗಳು ಎಲ್ಲಿ ಹೋದವು? ಈ ಪ್ರಶ್ನೆ ನಮ್ಮನ್ನು ಪಕ್ಕದ ಮುಧೋಳ ತಾಲ್ಲೂಕಿನ ಹಲಗಲಿಗೆ ಕರೆದೊಯ್ದಿತು. ಹತ್ತನೇ ತರಗತಿಯಲ್ಲಿ ಹಲಗಲಿ ಬೇಡರ ಲಾವಣಿಯನ್ನು ಅಂಕಕ್ಕಾಗಿ ಓದಿ ಮರೆತವರು ನಾವು. 1857ರ ದಂಗೆಯ ಬಿಸಿಯಲ್ಲಿ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣದ ಕಾಯ್ದೆ ತಂದಿತು. ಅನುಮತಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ. ಬೇಟೆಯೇ ಬದುಕಾಗಿದ್ದ ಬೇಡರಿಗೆ ಆಯುಧ ಕೊಡುವುದೆಂದರೆ ಅನ್ನವನ್ನೂ ಮಾನವನ್ನೂ ಕೊಟ್ಟಂತೆ. ಹಲಗಲಿಯವರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ದಂಡು ಬಂದು ಊರಿಗೆ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಒಟ್ಟು 19 ಜನರನ್ನು ಗಲ್ಲಿಗೇರಿಸಿದರು. ಜಡಗ, ಬಾಲ, ಹನುಮ, ರಾಮ ಎಂಬ ಹೆಸರುಗಳು ಲಾವಣಿಯಲ್ಲಿ ಉಳಿದವು. ಅವರ ಕೈಯಲ್ಲಿದ್ದ ಕತ್ತಿಗಳು ನಮಗೆ ಯಾವ ಮನೆಯಲ್ಲೂ ಸಿಗಲಿಲ್ಲ.

ಇದೇ ನಾಡಿನ ಇನ್ನೊಂದು ಮೂಲೆಯಲ್ಲಿ ಕಥೆ ಬೇರೆಯೇ. 1861ರಲ್ಲಿ ಮಾರ್ಕ್ ಕಬ್ಬನ್ ಕೊಡವರಿಗೆ ಈ ನಿಶ್ಶಸ್ತ್ರೀಕರಣದಿಂದ ವಿನಾಯಿತಿ ಕೊಟ್ಟ. ಹೀಗಾಗಿ ಪೀಚೆಕತ್ತಿ, ಒಡಿಕತ್ತಿಗಳು ಇವತ್ತಿಗೂ ಮದುವೆ ಮನೆಯಲ್ಲಿ ಸೊಂಟಕ್ಕೆ ಏರುತ್ತವೆ, ಅವುಗಳ ಹೆಸರು, ಬಳಕೆ ಎಲ್ಲವೂ ಮಕ್ಕಳಿಗೆ ಗೊತ್ತು. ನಮ್ಮ ಕಡೆ ಹೆಸರೂ ಉಳಿದಿಲ್ಲ. ಸಂಗ್ರಹಕಾರರು ಕತ್ತಿಯ ಮೂಲವನ್ನು ಲೋಹದಲ್ಲಿ, ಹಿಡಿಯಲ್ಲಿ ಹುಡುಕುತ್ತಾರೆ. ನಮಗನ್ನಿಸಿದ್ದು, ಯಾರ ಆಯುಧ ಕಿತ್ತುಕೊಂಡರು, ಯಾರದನ್ನು ಬಿಟ್ಟರು ಎಂಬ ಸರ್ಕಾರಿ ಕಾಗದವನ್ನೂ ಜೊತೆಗೇ ಓದಬೇಕು.

ದೂರದ ಸ್ಪೇನಿನಲ್ಲಿ ‘ನವಾಹ’ ಎಂಬ ಭಾರಿ ಮಡಚುವ ಚಾಕು ಬೆಳೆದ ಕಥೆಯಲ್ಲೂ ಇದೇ ಕಾಗದ ಅಡ್ಡ ಬರುತ್ತದೆ. ಸಾಮಾನ್ಯ ಜನ ಖಡ್ಗ ಕಟ್ಟಿಕೊಂಡು ತಿರುಗಬಾರದೆಂಬ ಕಟ್ಟಳೆಗಳಿದ್ದಾಗ, ಮಡಚಿ ಬಟ್ಟೆಯೊಳಗೆ ಇಟ್ಟುಕೊಳ್ಳುವ ಅಲಗು ಜನರ ಕೈಗೆ ಹತ್ತಿತು. ಅಲ್ಬಸೇತೆ ಪಟ್ಟಣ ಇವತ್ತಿಗೂ ಅದಕ್ಕೇ ಹೆಸರುವಾಸಿ.

ನಮ್ಮ 1959ರ ಆಯುಧ ಕಾಯ್ದೆ ಮನೆಗೆಲಸಕ್ಕೆ, ಒಕ್ಕಲುತನಕ್ಕೆಂದೇ ಮಾಡಿದ ಸಾಮಾನನ್ನು ಆಯುಧವೆಂದು ಎಣಿಸುವುದಿಲ್ಲ. ಉಳಿದವುಗಳಲ್ಲಿ ನಿಯಮ ಲೆಕ್ಕ ಹಿಡಿಯುವುದು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗನ್ನು. ನಾವು ಅಜ್ಜನ ಎದುರೇ ಟೇಪು ಹಿಡಿದೆವು. ಏಳು ಇಂಚೂ ತುಂಬಲಿಲ್ಲ. ಅಷ್ಟು ಹೇಳಿದರೂ ಅವರ ಮುಖ ಸಡಿಲಾಗಲಿಲ್ಲ.

“ಯಾವಾಗ ಹೊರಗ ತೆಗೀತೀರಿ?” ಎಂದು ಕೇಳಿದೆವು. “ಖಂಡೇಪೂಜಿಗೆ ಅಷ್ಟ. ಕುಡಗೋಲು, ಕೊಡ್ಲಿ ಬಾಜೂಕ ಇಟ್ಟು ಕುಂಕುಮ ಹಚ್ಚತೀವಿ” ಎಂದು ಅಲಗನ್ನು ಮಡಚಿ, ಧೋತರ ಸುತ್ತಿ, ಟ್ರಂಕು ಮುಚ್ಚಿದರು. ಆಮೇಲೆ ಬಾಗಿಲು ತೆರೆದು, ಚಹಾ ತರಲು ಸೊಸೆಗೆ ಕೂಗಿ ಹೇಳಿದರು.