ಒಂದು ಗಡ್ಡೆಗೆ ನಾಲ್ಕು ಔಷಧಿ ಯಾಕೆ?

ಪಾಪಿನಾಯಕನಹಳ್ಳಿಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಲಾರಿ ಸದ್ದು ಕೇಳಿಸಿದ್ರೆ ಸ್ವಲ್ಪ ಸಹಿಸ್ಕೊಳ್ಳಿ, ಹೊಸಪೇಟೆ–ಬಳ್ಳಾರಿ ರಸ್ತೆ ಪಕ್ಕದಲ್ಲೇ ಇದೆ.

ಕ್ಯಾನ್ಸರ್ ಚಿಕಿತ್ಸೆಗೆ ದೂರದ ಊರಿಗೆ ಹೋಗಿ ಬರೋರ ಮನೆಗಳಲ್ಲಿ ಒಂದು ಪ್ರಶ್ನೆ ಕೇಳಿ ಬರುತ್ತೆ: "ಗಡ್ಡೆ ಒಂದೇ, ನಾಲ್ಕು ನಾಲ್ಕು ಔಷಧಿ ಯಾಕೆ ಏರಿಸ್ತಾರೆ?" ಅದರ ಹಿಂದೆ ಬಿಲ್ಲಿನ ಅನುಮಾನ ಇರುತ್ತೆ. ಆ ಅನುಮಾನದಲ್ಲೇ ಎರಡು ಸೈಕಲ್ ಮುಗಿಸಿ ಮನೆಯಲ್ಲಿ ಉಳಿದುಬಿಡೋರೂ ಇದ್ದಾರೆ. ಉತ್ತರ ಈ ಔಷಧಿಗಳ ಇತಿಹಾಸದಲ್ಲೇ ಇದೆ.

ಮೊದಲ ಗುಂಪು ಬಂದಿದ್ದು ಯುದ್ಧದಿಂದ. ಮೊದಲ ಮಹಾಯುದ್ಧದ ಮಸ್ಟರ್ಡ್ ಗ್ಯಾಸ್ ತಗುಲಿದವರಲ್ಲಿ ಬಿಳಿ ರಕ್ತಕಣ ಕುಸಿದಿತ್ತು. 1942ರಲ್ಲಿ ಅಮೆರಿಕದ ಯೇಲ್‌ನಲ್ಲಿ ಗುಡ್‌ಮನ್ ಮತ್ತು ಗಿಲ್ಮನ್ ಆ ವಿಷದ ಸೋದರ ನೈಟ್ರೋಜನ್ ಮಸ್ಟರ್ಡನ್ನು ರೋಗಿಗೆ ಕೊಡಿಸಿದರು. ಗಡ್ಡೆ ಕರಗಿತು, ಆದರೆ ಮತ್ತೆ ಬಂತು. ನಾನು ಬಿ.ಕಾಂ ಓದಿರೋದ್ರಿಂದ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ: ಡಿಎನ್‌ಎ ಅಂದ್ರೆ ಜೀವಕೋಶದ ಲೆಡ್ಜರ್. ಈ ಔಷಧಿ ಅದರ ಎರಡು ಹಾಳೆ ಸೇರಿಸಿ ಸ್ಟೇಪಲ್ ಹೊಡೆಯುತ್ತೆ. ಬಿಡಿಸೋಕಾಗಲ್ಲ, ನಕಲು ಮಾಡೋಕಾಗಲ್ಲ. ಇವತ್ತಿನ ಸೈಕ್ಲೋಫಾಸ್ಫಮೈಡ್ ಇದೇ ಮನೆತನದ್ದು.

ಎರಡನೇ ಗುಂಪಿನ ಕಥೆ ಮದ್ರಾಸ್ ಪ್ರೆಸಿಡೆನ್ಸಿಯಿಂದ ಶುರು. ಬಳ್ಳಾರಿ ಜಿಲ್ಲೆ, ಅದರೊಳಗಿದ್ದ ಹೊಸಪೇಟೆ, ಎಲ್ಲಾ 1953ರವರೆಗೆ ಮದ್ರಾಸಿಗೇ ಸೇರಿದ್ದವು ನೋಡಿ. ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬಾರಾವ್ ಮದ್ರಾಸ್ ಮೆಡಿಕಲ್ ಕಾಲೇಜಲ್ಲಿ ಓದಿ 1923ರಲ್ಲಿ ಅಮೆರಿಕಕ್ಕೆ ಹೋದರು. ಜೀವಕೋಶ ಬೆಳೆಯೋಕೆ ಫೋಲಿಕ್ ಆಸಿಡ್ ಬೇಕು. ಲೆಡರ್ಲೆ ಕಂಪನಿಯಲ್ಲಿ ಸುಬ್ಬಾರಾವ್ ತಂಡ ನೋಡೋಕೆ ಅದರಂತೇ ಇರುವ ನಕಲಿಯನ್ನು ತಯಾರಿಸಿತು. ಜೀವಕೋಶ ಅಸಲಿ ಅಂತ ಎಂಟ್ರಿ ಹಾಕ್ಕೊಳ್ಳುತ್ತೆ, ಕೆಲಸ ಅಲ್ಲೇ ನಿಲ್ಲುತ್ತೆ. ಪಕ್ಕಾ ನಕಲಿ ವೋಚರ್! 1948ರಲ್ಲಿ ಬೋಸ್ಟನ್‌ನ ಸಿಡ್ನಿ ಫಾರ್ಬರ್ ರಕ್ತಕ್ಯಾನ್ಸರ್ ಇದ್ದ 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡರು ಅಂತ ವರದಿ ಮಾಡಿದರು. ಅದೂ ತಾತ್ಕಾಲಿಕವೇ. ಅದೇ ವರ್ಷ ಆಗಸ್ಟಿನಲ್ಲಿ ಸುಬ್ಬಾರಾವ್ ತೀರಿಕೊಂಡರು. ಅದೇ ಬಗೆಯ ಮೆಥೋಟ್ರೆಕ್ಸೇಟ್ ಇವತ್ತೂ ಬಳಕೆಯಲ್ಲಿದೆ. ನಮ್ಮ ಪಠ್ಯಪುಸ್ತಕದಲ್ಲಿ ಈ ಮನುಷ್ಯನ ಹೆಸರು ನಾನಂತೂ ಓದಿಲ್ಲ.

ಮೂರನೆಯದು ನಿಮ್ಮ ಮನೆ ಮುಂದೇನೇ ಇರಬಹುದು. ನಿತ್ಯಪುಷ್ಪ. ಕೆಲವರು ಕಾಶಿ ಕಣಗಿಲೆ ಅಂತಾರೆ. ನೀರು ಹಾಕದಿದ್ರೂ ಗುಲಾಬಿ, ಬಿಳಿ ಹೂ ಬಿಡುತ್ತಲ್ಲ, ಅದೇ. ಮೂಲ ಊರು ಮಡಗಾಸ್ಕರ್. ಶುಗರ್‌ಗೆ ಒಳ್ಳೇದು ಅಂತ ಹಲವು ದೇಶದ ಜನ ಇದರ ಕಷಾಯ ಕುಡೀತಿದ್ರು. ಕೆನಡಾದ ನೋಬಲ್ ಮತ್ತು ಬೀರ್ ಅದನ್ನೇ ಪರೀಕ್ಷಿಸಲು ಹೊರಟರೆ ಇಲಿಗಳ ಶುಗರ್ ಇಳಿಯಲಿಲ್ಲ, ಬಿಳಿ ರಕ್ತಕಣ ಇಳೀತು. 1958ರ ಹೊತ್ತಿಗೆ ವಿನ್‌ಬ್ಲಾಸ್ಟಿನ್ ಸಿಕ್ಕಿತು, 1963ರಲ್ಲಿ ವಿನ್‌ಕ್ರಿಸ್ಟಿನ್‌ಗೆ ಅಮೆರಿಕದಲ್ಲಿ ಅನುಮತಿ. ಜೀವಕೋಶ ಎರಡಾಗುವಾಗ ಕ್ರೋಮೋಸೋಮ್‌ಗಳನ್ನು ಆ ಕಡೆ ಈ ಕಡೆ ಎಳೆಯೋ ಹಗ್ಗಗಳಿರ್ತವೆ. ಈ ಔಷಧಿ ಹಗ್ಗ ಹೊಸೆಯೋಕೇ ಬಿಡಲ್ಲ. ನರಗಳಲ್ಲೂ ಅದೇ ಹಗ್ಗ ಇರೋದ್ರಿಂದ ಕೈಕಾಲು ಜೋಮು ಹಿಡಿಯುತ್ತೆ. ಒಂದು ಗ್ರಾಂ ತೆಗೆಯೋಕೆ ಕ್ವಿಂಟಲ್‌ಗಟ್ಟಲೆ ಒಣ ಎಲೆ ಬೇಕು. ಹಾಗಾಗಿ ದಯವಿಟ್ಟು, ಕ್ಯಾನ್ಸರ್‌ಗೆ ಅಂತ ಹಿತ್ತಲ ಎಲೆ ಅರೆದು ಕುಡಿಸಬೇಡಿ. ಗಿಡ ವಿಷ, ಔಷಧಿ ಅಳೆದು ರಕ್ತನಾಳಕ್ಕೆ ಕೊಡುವಂಥದ್ದು.

ಇನ್ನು "ಕೆಂಪು ಔಷಧಿ", ಡಾಕ್ಸೋರೂಬಿಸಿನ್. ಇಟಲಿಯ ಮಣ್ಣಿನ ಸೂಕ್ಷ್ಮಜೀವಿಯಿಂದ ಬಂದಿದ್ದು. ಡಿಎನ್‌ಎ ಎಳೆಗಳ ನಡುವೆ ತೂರಿ ಕೂರುತ್ತೆ. ಏರಿಸಿದ ಮೇಲೆ ಮೂತ್ರ ಕೆಂಪಾದ್ರೆ ಅದು ಸಾಮಾನ್ಯವಾಗಿ ಔಷಧಿಯ ಬಣ್ಣ. ಒಂದೆರಡು ದಿನದಲ್ಲಿ ಹೋಗದಿದ್ರೆ ಡಾಕ್ಟರಿಗೆ ಹೇಳಿ.

ಈಗ ಆ ಪ್ರಶ್ನೆ. ಒಂದೊಂದೇ ಕೊಟ್ಟಾಗ ಕ್ಯಾನ್ಸರ್ ಮರಳಿ ಬರ್ತಿತ್ತು, ಯಾಕಂದ್ರೆ ತಪ್ಪಿಸಿಕೊಂಡ ಕೆಲವು ಜೀವಕೋಶ ಮತ್ತೆ ಬೆಳೀತಿದ್ವು. 1960ರ ದಶಕದ ಆರಂಭದಲ್ಲಿ ಅಮೆರಿಕದ ಫ್ರೈ ಮತ್ತು ಫ್ರೈರೈಕ್ ರಕ್ತಕ್ಯಾನ್ಸರ್ ಮಕ್ಕಳಿಗೆ ನಾಲ್ಕನ್ನು ಒಟ್ಟಿಗೆ ಕೊಟ್ಟರು: ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್, ಮೆಥೋಟ್ರೆಕ್ಸೇಟ್, ಮರ್ಕ್ಯಾಪ್ಟೋಪ್ಯೂರಿನ್, ಪ್ರೆಡ್ನಿಸೋನ್. ಒಂದರಿಂದ ತಪ್ಪಿಸಿಕೊಂಡದ್ದು ಇನ್ನೊಂದಕ್ಕೆ ಸಿಗುತ್ತೆ. ಅಡ್ಡಪರಿಣಾಮವೂ ಬೇರೆ ಬೇರೆ ಕಡೆ ಬೀಳೋದ್ರಿಂದ ದೇಹ ತಡ್ಕೊಳ್ಳುತ್ತೆ. ಕೂದಲು, ಬಾಯಿಯ ಒಳಪದರ, ಮೂಳೆಮಜ್ಜೆ ಬೇಗ ಬೇಗ ಬೆಳೆಯೋ ಜಾಗಗಳು, ಅದಕ್ಕೇ ಅವಕ್ಕೆ ಪೆಟ್ಟು. ಅನೇಕ ಚಿಕಿತ್ಸೆಗಳಲ್ಲಿ ಸೈಕಲ್ ನಡುವೆ 21 ದಿನ ಬಿಡೋದು ಮಜ್ಜೆ ಸುಧಾರಿಸಿಕೊಳ್ಳಲಿ ಅಂತ. ಅಲ್ಲೇ ನಿಲ್ಲಿಸಿಬಿಟ್ರೆ ಉಳಿದ ಕ್ಯಾನ್ಸರ್ ಜೀವಕೋಶಗಳೂ ಸುಧಾರಿಸ್ಕೊಳ್ತವೆ.

ಮುಂದಿನ ಕಂತು ರೇಡಿಯೇಷನ್ ಬಗ್ಗೆ. ನಮ್ಮ ಕಡೆ "ಕರೆಂಟ್ ಕೊಡೋದು" ಅಂತಾರಲ್ಲ, ಅದು.