ಸಿಂಗಪುರದ ಹಳೆಯ ದಕ್ಕೆ

ಸಿಂಗಪುರ ನದಿ ದೊಡ್ಡ ನದಿಯೇನಲ್ಲ. ಕಿಮ್ ಸೆಂಗ್ ಸೇತುವೆಯಿಂದ ಸಮುದ್ರ ಸೇರುವ ತನಕ ಅಳೆದರೂ ಮೂರು ಕಿಲೋಮೀಟರ್ ಚಿಲ್ಲರೆ. ನಮ್ಮ ಕಡೆಯಾಗಿದ್ದರೆ ಹಳ್ಳ ಎಂದು ಕರೆದು ಸುಮ್ಮನಾಗುತ್ತಿದ್ದರು. ಆದರೆ 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸ್ಟ್ಯಾಮ್‌ಫರ್ಡ್ ರಾಫಲ್ಸ್ ಬಂದಿಳಿದ ಮೇಲೆ ಆ ಊರು ಬೆಳೆದದ್ದೂ, ದುಡ್ಡು ಕಂಡದ್ದೂ ಈ ಹಳ್ಳದ ದಡದಲ್ಲೇ.

ನದಿಯ ದಕ್ಷಿಣ ದಡ ಒಂದು ಕಡೆ ಹೊಟ್ಟೆಯಂತೆ ಬಾಗಿದೆ. ಅದು ಗೆಂಡೆ ಮೀನಿನ ಹೊಟ್ಟೆ, ಅಲ್ಲಿ ಅಂಗಡಿ ಹಾಕಿದವನಿಗೆ ಲಕ್ಷ್ಮಿ ಒಲಿಯುತ್ತಾಳೆ ಎಂಬುದು ಚೀನೀ ವರ್ತಕರ ನಂಬಿಕೆ (ಲಕ್ಷ್ಮಿ ನನ್ನ ಸೇರ್ಪಡೆ). ಆ ಬಾಗಿಗೇ ಬೋಟ್ ಕೀ ಎಂದು ಹೆಸರು. 1960–70ರ ದಶಕದ ಫೋಟೋಗಳಲ್ಲಿ ಅಲ್ಲಿ ನೀರು ಕಾಣುವುದೇ ಕಡಿಮೆ. ಒಂದಕ್ಕೊಂದು ಮೈ ತಾಗಿಸಿ ನಿಂತ ದೋಣಿಗಳ ಬೆನ್ನ ಮೇಲೇ ಕಾಲಿಟ್ಟು ಆಚೆ ದಡಕ್ಕೆ ಹೋಗಿಬಿಡಬಹುದೇನೋ ಅನಿಸುತ್ತದೆ. ಟ್ವಾಕೋ, ಟಾಂಗ್‌ಕಾಂಗ್ ಎಂಬ ಅಗಲ ಹೊಟ್ಟೆಯ ಸರಕು ದೋಣಿಗಳು ಅವು. ಮೂತಿಯ ಎರಡೂ ಬದಿಗೆ ದುಂಡನೆಯ ಕಣ್ಣು ಬರೆದಿರುತ್ತಿದ್ದರು, ದೋಣಿಗೂ ದಾರಿ ಕಾಣಬೇಕಲ್ಲ. ಹಡಗುಗಳು ಹೊರಗೆ ಆಳದ ನೀರಿನಲ್ಲಿ ಲಂಗರು ಹಾಕಿದರೆ, ಅವುಗಳಿಂದ ಅಕ್ಕಿ, ಕಾಫಿ, ಕೊಬ್ಬರಿ, ರಬ್ಬರ್ ಹೊತ್ತು ತರುವುದು, ಇಲ್ಲಿಂದ ಸರಕು ಅಲ್ಲಿಗೆ ಮುಟ್ಟಿಸುವುದು ಈ ದೋಣಿಗಳ ಕೆಲಸ.

ದಡದ ಮೇಲೆ ಹೆಂಚಿನ ಮಾಡಿನ ಅಂಗಡಿಮನೆಗಳ ಸಾಲು. ಕೆಳಗೆ ಗೋದಾಮು, ಮೇಲೆ ವಾಸ. ದೋಣಿಗೂ ದಡಕ್ಕೂ ನಡುವೆ ಒಂದು ಹಲಗೆ, ಕಾಲಿಟ್ಟರೆ ತೂಗುವಂಥದ್ದು. ಬೆನ್ನಿನ ಮೇಲೆ ಗೋಣಿಮೂಟೆ ಹೊತ್ತ ಹಮಾಲಿ ಅದರ ಮೇಲೆ ನಡೆದು ದಡಕ್ಕೆ ಬಂದರೆ, ಅಲ್ಲಿ ಕೂತ ಲೆಕ್ಕದವನು ಮೂಟೆಗೊಂದರಂತೆ ಬಿದಿರ ಕಡ್ಡಿ ಕೊಡುತ್ತಿದ್ದ. ಆಮೇಲೆ ಆ ಕಡ್ಡಿ ಎಣಿಸಿ ಕೂಲಿ. ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ಮಂಜಿಯಿಂದ ಸರಕು ಇಳಿಸುವುದನ್ನು ಕಂಡವರಿಗೆ ಈ ಚಿತ್ರ ಬಿಡಿಸಿ ಹೇಳಬೇಕಾಗಿಲ್ಲ.

ಈ ದಡದಲ್ಲಿ ಭಾರತದ ಪಾಲೂ ಸಣ್ಣದಲ್ಲ. ಚೀನೀಯರ ಕೈಗೆ ಹೋಗುವ ಮುನ್ನ ದೋಣಿ ಸಾಗಾಟ ಬಹುಮಟ್ಟಿಗೆ ಕೋರಮಂಡಲ ತೀರದ ಚೂಲಿಯಾ ಮುಸ್ಲಿಮರದಾಗಿತ್ತು. ಬೋಟ್ ಕೀ ಹಿಂದೆಯೇ ಇರುವ ಚೂಲಿಯಾ ರಸ್ತೆಗೆ ಅವರದೇ ಹೆಸರು. ಅಲ್ಲೇ ಸಮೀಪದ ಮಾರ್ಕೆಟ್ ಸ್ಟ್ರೀಟ್‌ನಲ್ಲಿ ಚೆಟ್ಟಿಯಾರರ ಕಿಟ್ಟಂಗಿಗಳಿದ್ದವು. ಉದ್ದನೆಯ ಕೋಣೆ, ನೆಲದ ಮೇಲೆ ಸಾಲಾಗಿ ಗಿಡ್ಡ ಮರದ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತ ಒಬ್ಬ ಲೇವಾದೇವಿಗಾರ. ಬ್ಯಾಂಕಿನವರು ಬಾಗಿಲೊಳಗೆ ಬಿಟ್ಟುಕೊಳ್ಳದ ಸಣ್ಣ ವ್ಯಾಪಾರಿಗೆ ಸಾಲ ಹುಟ್ಟುತ್ತಿದ್ದದ್ದು ಅಲ್ಲಿ. ನದಿಯ ಬಾಯಿಯ ಹತ್ತಿರದ ಕ್ಯಾವೆನಾ ಸೇತುವೆ 1869ರದು. ಸಿಂಗಪುರದ ಆಡಳಿತ ಕಲ್ಕತ್ತದಿಂದಲೇ ನಡೆಯುತ್ತಿದ್ದ ಕಾಲದ ಕೊನೆಯ ಗವರ್ನರನ ಹೆಸರು ಅದಕ್ಕೆ. ಸೇತುವೆ ತೀರ ತಗ್ಗು. ಭರತದ ಹೊತ್ತಿಗೆ ದೋಣಿ ಅಡಿಯಲ್ಲಿ ನುಸುಳದೆ, ನೀರು ಇಳಿಯುವ ತನಕ ಕಾಯಬೇಕಿತ್ತು.

ಅಲ್ಲಿಂದ ಸ್ವಲ್ಪ ದೂರದ ಸೇಂಟ್ ಆಂಡ್ರ್ಯೂಸ್ ಕೆಥೆಡ್ರಲ್ ಕಟ್ಟಿದ್ದು ಭಾರತದಿಂದ ಗಡೀಪಾರಾಗಿ ಬಂದ ಕೈದಿಗಳು. ಅದರ ಗೋಡೆಗೆ ಬಳಿದದ್ದು ಮದ್ರಾಸಿನ ಗಾರೆ. ಚಿಪ್ಪಿನ ಸುಣ್ಣಕ್ಕೆ ಮೊಟ್ಟೆಯ ಬಿಳಿ, ಒರಟು ಸಕ್ಕರೆ ಸೇರಿಸಿ ಕುಟ್ಟಿ, ತೆಂಗಿನ ಸಿಪ್ಪೆ ನೆನೆಹಾಕಿದ ನೀರಿನಲ್ಲಿ ಹದ ಮಾಡಿ, ಒಣಗಿದ ಮೇಲೆ ಕಲ್ಲಿನಿಂದ ಉಜ್ಜಿ ಹೊಳಪು ಬರಿಸಿದ್ದು. ಊರಿನ ಇತಿಹಾಸದಲ್ಲಿ ರಾಫಲ್ಸನಿಗೆ ಸಿಕ್ಕ ಪ್ರತಿಮೆಗಳೆಷ್ಟು, ಈ ಕೈದಿಗಳಿಗೆ ಸಿಕ್ಕ ಸಾಲುಗಳೆಷ್ಟು ಎಂದು ಹೋಲಿಸಿದರೆ ಬೇಸರವಾಗುತ್ತದೆ. ಇರಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ ನದಿಯ ಮೇಲಿನ ರೀಡ್ ಸೇತುವೆಯ ಸಂಜೆಗಳ ವಿಚಾರ. ಮೂಟೆ ಹೊತ್ತು ದಣಿದ ತಿಯೋಚು ಎಂಬ ಚೀನೀ ಸಮುದಾಯದ ಹಮಾಲಿಗಳು ಕತ್ತಲಾಗುತ್ತಲೇ ಅಲ್ಲಿ ಸೇರುತ್ತಿದ್ದರು. ಓದು ಬಾರದ ಆ ಜನರಿಗೆ ಕಥೆಗಾರನೊಬ್ಬ ದೀಪದ ಬೆಳಕಿನಲ್ಲಿ ಹಳೆಯ ಚೀನಾದ ವೀರರ ಕಥೆ ಹೇಳುವನು. ಪಕ್ಕದಲ್ಲಿ ಒಂದು ಊದುಬತ್ತಿ ಹಚ್ಚಿಟ್ಟಿರುತ್ತಿದ್ದ. ಬತ್ತಿ ಉರಿದು ಮುಗಿಯುವ ಹೊತ್ತಿಗೆ ಕಥೆಯಲ್ಲಿ ಯಾರದೋ ಕತ್ತಿನ ಮೇಲೆ ಕತ್ತಿ ಬಂದಿರಬೇಕು. ಅಲ್ಲಿಗೆ ನಿಲ್ಲಿಸಿ ಕಾಸು ಎತ್ತಿ, ಇನ್ನೊಂದು ಬತ್ತಿ ಹಚ್ಚುವುದು. 1949ರಲ್ಲಿ ರೆಡಿಫ್ಯೂಷನ್ ಎಂಬ ತಂತಿಯ ರೇಡಿಯೋ ಬಂತು. ಅದೇ ಕಥೆಗಳು ಕಾಫಿ ಅಂಗಡಿಯಲ್ಲೇ ಕೇಳತೊಡಗಿದಾಗ ಸೇತುವೆಯ ಗುಂಪು ಕರಗಿತು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯವಾದೀತು. ಆ ನದಿ ನಾರುತ್ತಿತ್ತು. ನದಿಗೆ ನೀರು ಬರುವ ಪ್ರದೇಶದಲ್ಲಿ ಒಳಚರಂಡಿ ಇಲ್ಲದ ಜೋಪಡಿಗಳು, ಬೀದಿಬದಿ ತಿಂಡಿಯವರು, ಪಕ್ಕದ ಕಲ್ಲಾಂಗ್ ನದಿಯ ಕಡೆ ಹಂದಿ–ಬಾತುಕೋಳಿ ಸಾಕಣೆ, ದೋಣಿಗಳ ಎಣ್ಣೆ; ಎಲ್ಲ ಬಂದು ಸೇರುತ್ತಿದ್ದದ್ದು ನೀರಿಗೇ. 1977ರ ಫೆಬ್ರುವರಿಯಲ್ಲಿ ಪ್ರಧಾನಿ ಲೀ ಕುವಾನ್ ಯೂ, ಹತ್ತು ವರ್ಷದಲ್ಲಿ ಈ ನದಿಗಳಲ್ಲಿ ಮೀನು ಹಿಡಿಯುವಂತಾಗಬೇಕು ಎಂದು ಅಧಿಕಾರಿಗಳಿಗೆ ಗಡುವು ಕೊಟ್ಟರು. 26,000ಕ್ಕೂ ಹೆಚ್ಚು ಕುಟುಂಬಗಳು ಎತ್ತರದ ಸರಕಾರಿ ವಸತಿಗೆ ಹೋದವು. ಸುಮಾರು 5,000 ಬೀದಿ ವ್ಯಾಪಾರಿಗಳನ್ನು ನಲ್ಲಿ, ಚರಂಡಿ ಇರುವ ಮಳಿಗೆಗಳಿಗೆ ಸೇರಿಸಿದರು. 1983ರಲ್ಲಿ 800ರಷ್ಟು ಸರಕು ದೋಣಿಗಳು ಪಶ್ಚಿಮದ ಪಾಸಿರ್ ಪಂಜಾಂಗಿಗೆ ಸಾಗಿದವು. 1987ಕ್ಕೆ ನದಿ ಸ್ವಚ್ಛ. ಹೇಳಿದ ಗಡುವಿನೊಳಗೆ ಹೇಳಿದ ಕೆಲಸ ಮುಗಿಸಿದ್ದನ್ನು, ಬೆಳ್ಳಂದೂರು ಕೆರೆಯ ನೊರೆ ಕಂಡ ನಾವು ಹಗುರವಾಗಿ ಮಾತಾಡುವಂತಿಲ್ಲ.

ಹಳೆಯ ಸಿಂಗಪುರವನ್ನು ನೆನೆದು ಹಲುಬುವವರು ಈ ಸ್ವಚ್ಛತೆಯನ್ನೇ ದೂರುತ್ತಾರೆ. ನದಿ ತೊಳೆದರು, ಜೀವ ಹೋಯಿತು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ದೋಣಿಗಳ ಅನ್ನಕ್ಕೆ ಕಲ್ಲು ಬಿದ್ದದ್ದು 1972ರಲ್ಲಿ, ತಾಂಜೊಂಗ್ ಪಗಾರಿನಲ್ಲಿ ಕಂಟೇನರ್ ಬಂದರು ತೆರೆದಾಗ. ಹಡಗಿನಿಂದ ಕಬ್ಬಿಣದ ಪೆಟ್ಟಿಗೆಯನ್ನು ಕ್ರೇನ್ ನೇರ ಎತ್ತಿ ಲಾರಿಯ ಮೇಲಿಟ್ಟರೆ, ನಡುವೆ ದೋಣಿ ಯಾಕೆ, ಹಲಗೆ ಯಾಕೆ, ಬಿದಿರ ಕಡ್ಡಿ ಯಾಕೆ? ನದಿಯನ್ನು ತೊಳೆಯದೆ ಬಿಟ್ಟಿದ್ದರೂ ದೋಣಿಗಳು ಹೋಗುತ್ತಿದ್ದವು, ವಾಸನೆ ಮಾತ್ರ ಉಳಿಯುತ್ತಿತ್ತು.

ನನ್ನ ತಕರಾರು ಆಮೇಲೆ ಆದದ್ದರ ಬಗ್ಗೆ. 1989ರಲ್ಲಿ ಬೋಟ್ ಕೀ ಸಂರಕ್ಷಿತ ಪ್ರದೇಶವಾಯಿತು, ಅಂಗಡಿಮನೆಗಳ ಗೋಡೆ, ಮಾಡು ಉಳಿದವು. ಒಳಗೆ ಮಾತ್ರ ಬಾರು, ರೆಸ್ಟೋರೆಂಟು. ನದಿಗೆ ಹಾರುವ ಬೆತ್ತಲೆ ಹುಡುಗರ ಕಂಚಿನ ಶಿಲ್ಪ ದಡದಲ್ಲಿದೆ, ಹುಡುಗರು ನಿಜವಾಗಿ ಹಾರುವಂತಿಲ್ಲ. ಚೆಟ್ಟಿಯಾರರೂ ಹಮಾಲಿಗಳೂ ಕಂಚಾಗಿ ನಿಂತಿದ್ದಾರೆ. 2008ರಲ್ಲಿ ಮರೀನಾ ಬ್ಯಾರೇಜ್ ಕಟ್ಟಿದ ಮೇಲೆ ಸಮುದ್ರದ ಉಬ್ಬರವಿಳಿತವೂ ಒಳಗೆ ಬಾರದು, ನದಿಯ ಬಾಯಿ ಈಗ ಸಿಹಿನೀರಿನ ಜಲಾಶಯ. ಕುಡಿಯುವ ನೀರಿಗಾಗಿ ನೆರೆದೇಶದ ಮುಖ ನೋಡುವ ಊರಿಗೆ ಅದು ಬೇಕಿತ್ತು, ಸರಿ. ಆದರೆ 800ರಲ್ಲಿ ಎಂಟು ದೋಣಿಗಳನ್ನಾದರೂ ಸರಕಿಗಾಗಿಯೇ ಉಳಿಸಿ, ಅದೇ ಹೋಟೆಲುಗಳಿಗೆ ಅಕ್ಕಿ–ತರಕಾರಿ ತರಿಸಬಹುದಿತ್ತು. ಕಟ್ಟಡ ಉಳಿಸಲು ಪಟ್ಟ ಶ್ರಮದ ಒಂದು ಪಾಲು ಕಸುಬಿಗೂ ಸಿಗಬೇಕಿತ್ತು.

ಅಲ್ಲಿಗೆ ಹೋಗುವವರಿದ್ದರೆ, ನದಿ ವಿಹಾರದ ಟಿಕೆಟ್ ಕೊಳ್ಳುವ ಮುನ್ನ ಕ್ಯಾವೆನಾ ಸೇತುವೆಯ ತುದಿಯ ಫಲಕವನ್ನೊಮ್ಮೆ ಓದಿ. ದನ, ಕುದುರೆ, ಭಾರದ ಗಾಡಿಗಳಿಗೆ ಪ್ರವೇಶವಿಲ್ಲ ಎಂದು ಪೊಲೀಸ್ ಅಧಿಕಾರಿಯ ಆಜ್ಞೆ ಇನ್ನೂ ಅಲ್ಲೇ ಇದೆ. ಹಾಗೆಯೇ ರಾಷ್ಟ್ರೀಯ ಮ್ಯೂಸಿಯಂನಲ್ಲಿ ಒಂದು ಕಲ್ಲಿನ ತುಂಡು ನೋಡಿ. ನದಿಯ ಬಾಯಲ್ಲಿ ನಿಂತಿದ್ದ ಶಾಸನದ ಹೆಬ್ಬಂಡೆಯನ್ನು ಬ್ರಿಟಿಷರು ಕಟ್ಟಡಕ್ಕೆ ಜಾಗ ಬೇಕೆಂದು 1843ರಲ್ಲಿ ಸಿಡಿಸಿದಾಗ ಉಳಿದದ್ದು ಅದು. ಅದರ ಬರಹವನ್ನು ಇವತ್ತಿನವರೆಗೂ ಯಾರಿಗೂ ಓದಲಾಗಿಲ್ಲ.